ಲಿಫ್ಟ್ ಏಳವಲ್ದು ಅಂತ ಊರಿಂದ ಫೋನ್ ಬಂದರೆ

ಪುಣೆಯಲ್ಲೋ ಮುಂಬೈಯಲ್ಲೋ ನೌಕರಿ; ತಿಕೋಟಾ, ಅಥಣಿ, ಜಮಖಂಡಿ ಕಡೆ ನಾಲ್ಕೈದು ಎಕರೆ ದ್ರಾಕ್ಷಿ ಇಲ್ಲವೇ ದಾಳಿಂಬೆ. ತೋಟ ನೋಡಿಕೊಳ್ಳುವವನು ತಮ್ಮ, ಟ್ರ್ಯಾಕ್ಟರಿನ ಕಂತು ತುಂಬುವವನು ಅಣ್ಣ. ನಮ್ಮ ನಡುವೆ ಇಂಥ ಮನೆಗಳು ಒಂದೆರಡಲ್ಲ. ದ್ರಾಕ್ಷಿ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ನುಸುಳುವುದಿಲ್ಲ. ಹಾಗಾಗಿ ಈ ಮನೆಗಳಲ್ಲಿ ಇರುವುದು 18ರಿಂದ 27 ಎಚ್‌ಪಿಯ ಸಣ್ಣ ಗಾಡಿ: ಮಹೀಂದ್ರಾ ಜೀವೋ, ಕುಬೋಟಾದ ಬಿ ಸರಣಿ, ನಮ್ಮ ಬೆಂಗಳೂರಿನ ವಿಎಸ್‌ಟಿ, ಹೀಗೆ. ಊರಲ್ಲಿ ಅದಕ್ಕೆ ಮಿನಿ ಟ್ರ್ಯಾಕ್ಟರ್ ಅಂತಲೇ ಹೆಸರು.

ಈ ಗಾಡಿಯ ಬಗ್ಗೆ ಊರಿಂದ ಬರುವ ಫೋನು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. “ಅಣ್ಣಾ, ಲಿಫ್ಟ್ ಏಳವಲ್ದು. ಪಂಪ್ ಹೋಗೈತಿ ಅಂತಾನ ಮಿಸ್ತ್ರಿ. ರೊಕ್ಕ ಹಾಕು.” ಹೈಡ್ರಾಲಿಕ್ ಪಂಪ್ ಅಂದರೆ ಸಾವಿರಗಳ ಮಾತು. ಅಣ್ಣನಿಗೆ ಅನುಮಾನ, ತಮ್ಮನಿಗೆ ಅಣ್ಣ ಅನುಮಾನ ಪಡುತ್ತಾನೆಂಬ ಸಿಟ್ಟು. ಇಬ್ಬರ ನಡುವೆ ಮಾತು ಕೆಡುವ ಮುಂಚೆ ಕೇಳಬೇಕಾದ ಪ್ರಶ್ನೆ ಎರಡು. ಆಯಿಲ್ ಎಷ್ಟಿದೆ? ಅದನ್ನು ಹೇಗೆ ನಿಲ್ಲಿಸಿ ನೋಡಿದೆ? ಎರಡನೆಯದೇ ಮುಖ್ಯ. ತಪ್ಪಾಗಿ ನಿಲ್ಲಿಸಿ ನೋಡಿದ ಲೆವೆಲ್ಲು ನೋಡದೇ ಇದ್ದದ್ದಕ್ಕಿಂತ ಕೆಟ್ಟದ್ದು. ಅದನ್ನು ನಂಬಿ ಮುಂದಿನ ಕೆಲಸ ಮಾಡುತ್ತೇವೆ ನೋಡಿ, ಅದಕ್ಕೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಸ್ಕೂಟರ್, ಕಾರು ಓಡಿಸಿದ ನಮಗೆ ಆಯಿಲ್ ಅಂದರೆ ಎಂಜಿನ್ ಆಯಿಲ್. ಟ್ರ್ಯಾಕ್ಟರಿನಲ್ಲಿ ಅದು ಬೇರೆ, ಇದು ಬೇರೆ. ಬಹುಪಾಲು ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸ್, ಹಿಂದಿನ ಡಿಫರೆನ್ಶಿಯಲ್, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು, ಮತ್ತು ರೂಟರನ್ನೋ ನೇಗಿಲನ್ನೋ ಎತ್ತುವ ಲಿಫ್ಟು, ಇಷ್ಟಕ್ಕೂ ಒಂದೇ ಎಣ್ಣೆ. ಸೀಟಿನ ಕೆಳಗಿನ ಆ ದಪ್ಪ ಎರಕದ ಪೆಟ್ಟಿಗೆಯೇ ಅದರ ಟ್ಯಾಂಕು. ಪಂಪು ಅಲ್ಲಿಂದಲೇ ಎಣ್ಣೆ ಹೀರಿ, ಸುಮಾರು 150 ಬಾರ್ ಅಥವಾ ಅದಕ್ಕೂ ಮಿಕ್ಕಿದ ಒತ್ತಡದಲ್ಲಿ ಲಿಫ್ಟಿನ ಸಿಲಿಂಡರಿಗೆ ತಳ್ಳುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೆ ಅಲ್ಲಿಗೇ ಮರಳುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮೂರು ಕೊಂಡಿಯ ಲಿಫ್ಟನ್ನು 1936ರ ಹೊತ್ತಿಗೆ ಮಾರುಕಟ್ಟೆಗೆ ತಂದ ಮೇಲೆ ಟ್ರ್ಯಾಕ್ಟರ್ ಅಂದರೆ ಬರೀ ಎಳೆಯುವ ಯಂತ್ರವಲ್ಲ, ಎತ್ತುವ ಯಂತ್ರವೂ ಆಯಿತು. ಇವತ್ತು ನಿಮ್ಮ ತೋಟದ ಮಿನಿ ಟ್ರ್ಯಾಕ್ಟರಿನ ಹಿಂದೆ ಇರುವುದು ಅದೇ ಮೂರು ಕೊಂಡಿ.

ಈಗ ನೋಡುವ ಬಗೆ. ಗಾಡಿ ಸಮನೆಲದ ಮೇಲೆ ನಿಲ್ಲಬೇಕು. ತೋಟದ ಬದುವಿನ ಪಕ್ಕ, ಮೂತಿ ಮೇಲೆ ಮಾಡಿ ನಿಂತ ಗಾಡಿಯಲ್ಲಿ ಎಣ್ಣೆ ಹಿಂದಕ್ಕೆ ಸರಿದು ಕಡ್ಡಿಗೆ ಹೆಚ್ಚು ಹತ್ತುತ್ತದೆ. ಮೂತಿ ಕೆಳಗಿದ್ದರೆ ಕಡಿಮೆ. ಲಿಫ್ಟ್ ಪೂರ್ತಿ ಕೆಳಗೆ ಇಳಿಸಿರಬೇಕು. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷವಾದರೂ ಕಾಯಬೇಕು. ಗೇರುಗಳು ಎರಚಿದ ಎಣ್ಣೆ ಗೋಡೆಯಿಂದ ಇಳಿದು ಕೆಳಗೆ ಸೇರಲು ಅಷ್ಟು ಹೊತ್ತು ಬೇಕು. ಎಲ್ಲಕ್ಕಿಂತ ಒಳ್ಳೆಯದು ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮುಂಚೆ. ರಾತ್ರಿಯಿಡೀ ನಿಂತ ಎಣ್ಣೆ ತಣ್ಣಗಾಗಿ ತನ್ನ ನಿಜವಾದ ಮಟ್ಟಕ್ಕೆ ಬಂದಿರುತ್ತದೆ. ಇಪ್ಪತ್ತು ಲೀಟರ್ ಎಣ್ಣೆ ನಲವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಅರ್ಧ ಲೀಟರಿನಷ್ಟು ಉಬ್ಬುತ್ತದೆ. ಏಪ್ರಿಲ್ ಬಿಸಿಲಲ್ಲಿ ಮೂರು ತಾಸು ರೂಟರ್ ಹೊಡೆದು ಬಂದ ಗಾಡಿಯ ಕಡ್ಡಿ ನೋಡಿ “ಆಯಿಲ್ ಫುಲ್ ಐತಿ” ಅಂದರೆ ಒಪ್ಪಬಾರದು.

ಕಡ್ಡಿ ತೆಗೆಯುವ ಮುಂಚೆ ಅದರ ಸುತ್ತಲಿನ ಧೂಳನ್ನು ಒರೆಸಬೇಕು. ಇದನ್ನು ಯಾರೂ ಮಾಡುವುದಿಲ್ಲ. ದ್ರಾಕ್ಷಿ ತೋಟದಲ್ಲಿ ಗಂಧಕದ ಪುಡಿ, ಕೆಮ್ಮಣ್ಣು, ಔಷಧಿಯ ಜಿಡ್ಡು ಎಲ್ಲ ಅಲ್ಲೇ ಕೂತಿರುತ್ತದೆ, ಮುಚ್ಚಳ ತೆಗೆದೊಡನೆ ಒಳಗೆ ಬೀಳುತ್ತದೆ. ಪಂಪಿನ ಒಳಗಿನ ಸಂದು ಕೂದಲಿಗಿಂತ ಕಿರಿದು. ಕಡ್ಡಿ ಹೊರತೆಗೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಇಲ್ಲಿ ಒಂದು ಸಣ್ಣ ತೊಡಕಿದೆ. ಕೆಲವು ಗಾಡಿಗಳಲ್ಲಿ ಕಡ್ಡಿಯ ತಲೆಗೆ ಚೂಡಿ ಇರುತ್ತದೆ. ಕೆಲವು ಕಂಪನಿಗಳು ಚೂಡಿ ತಿರುಗಿಸದೆ ಬಾಯಿಯ ಮೇಲೆ ಕೂರಿಸಿ ನೋಡಿ ಅನ್ನುತ್ತವೆ, ಕೆಲವು ಪೂರ್ತಿ ತಿರುಗಿಸಿ ನೋಡಿ ಅನ್ನುತ್ತವೆ. ಎರಡರ ನಡುವೆ ಒಂದು ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಹಾಕಿ ಹೇಳಿರುತ್ತಾರೆ. ಪುಸ್ತಕ ಊರಿನ ಟ್ರಂಕಿನಲ್ಲಿ ಮಲಗಿದ್ದರೆ ಆ ಪುಟದ ಫೋಟೋ ತರಿಸಿಕೊಂಡು ಇಟ್ಟುಕೊಳ್ಳಿ. ಕಡ್ಡಿಯೇ ಇಲ್ಲದ ಗಾಡಿಗಳೂ ಇವೆ. ಅವುಗಳ ಹಿಂಭಾಗದಲ್ಲಿ ದುಂಡಗಿನ ಗಾಜು, ಇಲ್ಲವೇ ಲೆವೆಲ್ ಬೋಲ್ಟ್ ಇರುತ್ತದೆ. ಗಾಜಾದರೆ ಕಣ್ಣನ್ನು ಅದರ ಎತ್ತರಕ್ಕೇ ಇಳಿಸಿ ನೋಡಬೇಕು. ನಿಂತು ಬಗ್ಗಿ ನೋಡಿದರೆ ಹಳೆಯ ಎಣ್ಣೆಯ ಕಲೆಯೇ ಲೆವೆಲ್ಲಿನ ಹಾಗೆ ಕಾಣುತ್ತದೆ.

ಟ್ರಾಲಿ ಇದ್ದರೆ ಲೆಕ್ಕ ಇನ್ನೊಂದು ಥರ. ಎತ್ತಿ ಸುರಿಯುವ ಟ್ರಾಲಿಯ ಜಾಕಿಗೆ ಎಣ್ಣೆ ಹೋಗುವುದೂ ಇದೇ ಪೆಟ್ಟಿಗೆಯಿಂದ. ಲಿಫ್ಟಿನ ಸಿಲಿಂಡರ್ ಮೂರು ಇಂಚು ಅಗಲ, ನಾಲ್ಕು ಇಂಚು ಓಟ ಇದೆ ಅನ್ನಿ. ಅದು ಕುಡಿಯುವುದು ಅರ್ಧ ಲೀಟರಿಗೂ ಕಡಿಮೆ. ಅದೇ ಮೂರು ಇಂಚಿನ ಟ್ರಾಲಿ ಜಾಕು ಎರಡು ಅಡಿ ಮೇಲೆದ್ದರೆ 2.8 ಲೀಟರ್ ಬೇಕು. ನಾಲ್ಕು ಇಂಚಿನ ಜಾಕು ಮೂರು ಅಡಿ ಎದ್ದರೆ ಏಳು ಲೀಟರ್ ದಾಟುತ್ತದೆ. ಮಿನಿ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಇರುವುದೇ ಮಾಡೆಲ್ ನೋಡಿಕೊಂಡು ಹತ್ತು ಹನ್ನೆರಡರಿಂದ ಇಪ್ಪತ್ತು ಚಿಲ್ಲರೆ ಲೀಟರ್. ಅದರಲ್ಲಿ ಏಳು ಲೀಟರ್ ಟ್ರಾಲಿಗೆ ಹೋದರೆ ಪಂಪಿನ ಹೀರುಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಪಂಪು ಕೊಂಯ್ ಅನ್ನುತ್ತದೆ, ಟ್ರಾಲಿ ಅರ್ಧಕ್ಕೇ ನಿಂತು ನಡುಗುತ್ತದೆ. ಆಗ ಪಂಪ್ ಹೋಗಿದೆ ಅನ್ನಿಸುವುದು ಸಹಜ. ಪಂಪ್ ಹೋಗಿರುವುದಿಲ್ಲ; ಅದಕ್ಕೆ ಹೀರಲು ಎಣ್ಣೆ ಇಲ್ಲ. ಹಾಗೇ ನಡೆಸಿದರೆ ಮಾತ್ರ ಅದು ನಿಜವಾಗಿಯೂ ಹೋಗುತ್ತದೆ.

ಇದರ ತಿರುವು ಕೂಡ ಇದೆ. ಟ್ರಾಲಿ ಎತ್ತಿದ್ದಾಗ ಕಡ್ಡಿ ನೋಡಿ, ಕಡಿಮೆ ಇದೆ ಅಂತ ಮೂರು ಲೀಟರ್ ಸುರಿದರೆ, ಟ್ರಾಲಿ ಇಳಿದೊಡನೆ ಅಷ್ಟೂ ಎಣ್ಣೆ ಪೆಟ್ಟಿಗೆಗೆ ವಾಪಸು. ಗೇರುಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ಉಳಿದದ್ದು ಬ್ರೀದರಿನಿಂದ ಹೊರಬರುತ್ತದೆ. ಮರುದಿನ “ಸೀಲ್ ಹೋಗೈತಿ” ಅಂತ ಇನ್ನೊಂದು ಫೋನು. ಬೇರೆಯವರ ಟ್ರಾಲಿ ಬಾಡಿಗೆಗೆ ತಂದರೆ ಅದರ ಜಾಕಿನಲ್ಲಿ ಉಳಿದ ಹಳೆಯ ಎಣ್ಣೆ, ಕಸ, ನೀರು ನಿಮ್ಮ ಗೇರ್ ಬಾಕ್ಸಿಗೆ ಬರುತ್ತದೆ, ನಿಮ್ಮ ಒಳ್ಳೆಯ ಎಣ್ಣೆ ಅವರ ಟ್ರಾಲಿಯಲ್ಲಿ ಹೋಗುತ್ತದೆ. ಟ್ರಾಲಿ ಕೊಡುವ ತೆಗೆದುಕೊಳ್ಳುವ ಸ್ನೇಹಕ್ಕೆ ನಾನು ವಿರೋಧಿಯಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಒಮ್ಮೆ ಕಡ್ಡಿ ನೋಡಿ.

ಕಡ್ಡಿಯಲ್ಲಿ ಎಣ್ಣೆ ನಿಜವಾಗಿಯೂ ಕಡಿಮೆ ಇದ್ದರೆ? ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಸುಟ್ಟುಹೋಗುವುದುಂಟು. ಹೈಡ್ರಾಲಿಕ್ ಆಯಿಲ್ ಹಾಗೆ ಸುಟ್ಟು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲಿಗೋ ಹೋಗಿದೆ. ಸುರಿಯುವ ಮುಂಚೆ ಎಲ್ಲಿಗೆ ಅಂತ ಹುಡುಕಬೇಕು. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ ನಾಲ್ಕು ಲೀಟರ್. ಹನಿ ಸಣ್ಣದು ಅಂತ ಬಿಡಬೇಡಿ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಅದೇ ಹೇಳುತ್ತದೆ: ಹಿಂದಿನ ಗಾಲಿಯ ಒಳಬದಿಯೇ, ಪಿಟಿಓ ಶಾಫ್ಟಿನ ಕೆಳಗೇ, ಲಿಫ್ಟ್ ತೋಳಿನ ಬುಡವೇ, ಹೋಸ್ ಪೈಪಿನ ಜೋಡಣೆಯೇ ಅಂತ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಜಾಗದಲ್ಲಿ ಹನಿ ಬಿದ್ದಿದ್ದರೆ ಕ್ಲಚ್ಚಿಗೂ ಎಣ್ಣೆ ತಗಲುತ್ತಿರಬಹುದು, ತಡ ಮಾಡಬಾರದು.

ರಟ್ಟು ಒಣಗಿಯೇ ಇದೆ, ಆದರೂ ಎಣ್ಣೆ ಇಳಿಯುತ್ತಿದೆ ಅಂದರೆ ಎಂಜಿನ್ ಆಯಿಲಿನ ಕಡ್ಡಿಯನ್ನೂ ನೋಡಿ. ಪಂಪು ಎಂಜಿನ್ನಿಗೇ ಜೋಡಿಸಿರುವ ಗಾಡಿಗಳಲ್ಲಿ ಪಂಪಿನ ಶಾಫ್ಟಿನ ಸೀಲು ಸವೆದರೆ ಹೈಡ್ರಾಲಿಕ್ ಎಣ್ಣೆ ಸದ್ದಿಲ್ಲದೆ ಎಂಜಿನ್ನಿನ ಒಳಗೆ ಸೇರುತ್ತದೆ. ಇಲ್ಲಿ ಇಳಿದಂತೆ ಅಲ್ಲಿ ಏರುತ್ತದೆ. ಎಂಜಿನ್ ಆಯಿಲ್ ಹೆಚ್ಚಾಯಿತೆಂದು ಖುಷಿಪಡುವವರೂ ಇದ್ದಾರೆ. ಅದು ಗಾಡಿ ನಿಲ್ಲಿಸಬೇಕಾದ ಸೂಚನೆ.

ಎಣ್ಣೆಯ ಬಣ್ಣವನ್ನೂ ನೋಡಬೇಕು. ಕಡ್ಡಿಯಿಂದ ಎರಡು ಹನಿ ಬಿಳಿ ಕಾಗದದ ಮೇಲೆ ಹಾಕಿಸಿ, ಹಗಲು ಬೆಳಕಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಚಿಂಚವಾಡದಲ್ಲಿ ಕೂತೇ ಅರ್ಧ ವಿಷಯ ತಿಳಿಯುತ್ತದೆ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಮಳೆಗೆ ನಿಂತ ಗಾಡಿಯಲ್ಲಿ ಗೇರ್ ಲಿವರಿನ ಹರಿದ ರಬ್ಬರಿನಿಂದ, ಪ್ರೆಶರ್ ಹಾಕಿ ತೊಳೆದಾಗ ಬ್ರೀದರಿನಿಂದ ನೀರು ಒಳಗೆ ಹೋಗುತ್ತದೆ. ಅನುಮಾನವಿದ್ದರೆ ಬಿಸಿ ತವೆಯ ಮೇಲೆ ಒಂದೇ ಹನಿ ಬಿಡಲಿ, ಮುಖ ದೂರವಿಟ್ಟುಕೊಂಡು. ಚಟಚಟ ಅಂದರೆ ನೀರಿದೆ. (ಹಳೆಯ ತವೆ ಅಂತ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಅವ್ವನ ಕೈಯಲ್ಲಿ ಬೈಸಿಕೊಳ್ಳುವುದು ತಮ್ಮ.) ನೊರೆ ಇದ್ದರೆ ಗಾಳಿ ಸೇರುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಯ ಆಯುಷ್ಯ ಮುಗಿದಿದೆ. ನೀರು ಸೇರಿದ, ಸುಟ್ಟ ಎಣ್ಣೆಗೆ ಹೊಸದನ್ನು ಬೆರೆಸುವುದು ದುಡ್ಡು ದಂಡ. ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಒಳಗಿನ ಜಾಲಿ ತೊಳೆದು ತುಂಬಬೇಕು.

ಯಾವ ಎಣ್ಣೆ ಅನ್ನುವುದು ಜಗಳದ ವಿಷಯ. ಊರ ಅಂಗಡಿಯಲ್ಲಿ ಡ್ರಮ್ಮಿನಿಂದ ಬಿಡಿಯಾಗಿ ಕೊಡುವ 68 ನಂಬರಿನ ಹೈಡ್ರಾಲಿಕ್ ಆಯಿಲ್ ಅಗ್ಗ, ಅದು ಜೆಸಿಬಿಯಂಥ ಯಂತ್ರಗಳಿಗೆ ಸರಿ. ನಿಮ್ಮ ಗಾಡಿಯಲ್ಲಿ ಅದೇ ಎಣ್ಣೆ ಗೇರನ್ನೂ ಕಾಯಬೇಕು, ಒದ್ದೆ ಬ್ರೇಕನ್ನೂ ಹಿಡಿಯಬೇಕು. ಅದಕ್ಕೆಂದೇ ಟ್ರ್ಯಾಕ್ಟರಿನ ಟ್ರಾನ್ಸ್‌ಮಿಶನ್ ಎಣ್ಣೆ ಬೇರೆ ಇದೆ, ಡಬ್ಬಿಯ ಮೇಲೆ ಯುಟಿಟಿಓ ಅಂತ ಇರುತ್ತದೆ. ತಪ್ಪು ಎಣ್ಣೆ ಹಾಕಿದರೆ ಲಿಫ್ಟ್ ಏಳಬಹುದು, ಆದರೆ ಬ್ರೇಕ್ ಒತ್ತಿದಾಗ ಗರಗರ ಅನ್ನುತ್ತದೆ, ಬೇಗ ಸವೆಯುತ್ತದೆ. ಉಳಿತಾಯ ಮಾಡುವುದಿದ್ದರೆ ಬೇರೆ ಕಡೆ ಮಾಡಿ. ತುಂಬುವಾಗ ಅರ್ಧ ಲೀಟರ್ ಹಾಕಿ, ಐದು ನಿಮಿಷ ಕಾದು, ನೋಡಿ, ಮತ್ತೆ ಅರ್ಧ ಲೀಟರ್.

ಎಣ್ಣೆ ಸರಿಯಿದ್ದೂ ತೊಂದರೆ ಹೋಗದಿದ್ದರೆ ಲಕ್ಷಣ ಕೇಳಿ. ಎತ್ತಿಟ್ಟ ರೂಟರ್ ಎಂಜಿನ್ ಬಂದ್ ಮಾಡಿದ ಮೇಲೆ ತಾನಾಗಿ ಇಳಿಯುತ್ತಿದ್ದರೆ ಅದು ಸಿಲಿಂಡರಿನ ಸೀಲು ಅಥವಾ ವಾಲ್ವಿನ ಕೆಲಸ, ಪಂಪಿನದಲ್ಲ. ಮುಂಜಾನೆ ಥಂಡಿಯಲ್ಲಿ ಎತ್ತದೆ ಬಿಸಿಯಾದ ಮೇಲೆ ಎತ್ತಿದರೆ ಜಾಲಿ ಕಟ್ಟಿರುತ್ತದೆ. ಮುಂಜಾನೆ ಚೆನ್ನಾಗಿ ಎತ್ತಿ ಬಿಸಿಯಾದ ಮೇಲೆ ಸುಸ್ತಾದರೆ ಆಗ ಪಂಪಿನ ಮೇಲೆ ಅನುಮಾನ ಪಡಬಹುದು. ಆಗಲೂ ಪ್ರೆಶರ್ ಗೇಜ್ ಹಾಕಿ ಓದಿ ಹೇಳುವ ಮಿಸ್ತ್ರಿಯ ಮಾತಿಗೆ ಬೆಲೆ ಹೆಚ್ಚು.

ಇನ್ನು ದೀಪಾವಳಿಗೋ ಮೇ ರಜೆಗೋ ಊರಿಗೆ ಹೋದಾಗ ನಾವೇ ಕೈ ಹಾಕುತ್ತೇವಲ್ಲ, ಆಗಿನ ಮಾತು. ಎತ್ತಿದ ಟ್ರಾಲಿಯ, ಎತ್ತಿದ ರೂಟರಿನ ಕೆಳಗೆ ತಲೆ ಹಾಕಬೇಡಿ, ಅದನ್ನು ಹಿಡಿದಿರುವುದು ಬರೀ ಎಣ್ಣೆ. ಚಾಲೂ ಇರುವ ಗಾಡಿಯಲ್ಲಿ ಹೋಸ್ ಎಲ್ಲಿ ಸೋರುತ್ತಿದೆ ಅಂತ ಬೆರಳಾಡಿಸಿ ನೋಡಬೇಡಿ. ಆ ಪೈಪಿನಲ್ಲಿರುವ ಒತ್ತಡ ನಿಮ್ಮ ಕಾರಿನ ಟಯರಿನ ಗಾಳಿಗಿಂತ ಅರವತ್ತು ಪಟ್ಟು. ಸೂಜಿ ಮೊನೆಯಷ್ಟು ರಂಧ್ರದಿಂದ ಚಿಮ್ಮುವ, ಕಣ್ಣಿಗೂ ಕಾಣದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡಬೇಕಿದ್ದರೆ ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಆಗಿಬಿಟ್ಟರೆ ಮೇಲಿನಿಂದ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ, ಮೊದಲು ನೋವೂ ಅಷ್ಟಿರುವುದಿಲ್ಲ. ಕೆಲವೇ ತಾಸಿನಲ್ಲಿ ಬೆರಳು ಬಾತು ಒಳಗಿನ ಮಾಂಸ ಕೆಡುತ್ತದೆ, ಬೆರಳು ಕಳೆದುಕೊಂಡವರಿದ್ದಾರೆ. ಟಿಟಿ ಇಂಜೆಕ್ಷನ್ನು, ಮುಲಾಮು ಸಾಲದು. ಆಪರೇಷನ್ ಮಾಡುವ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಆಗಲೇ ಹೊರಡಬೇಕು, ಒತ್ತಡದ ಎಣ್ಣೆ ಒಳಗೆ ಹೊಕ್ಕಿದೆ ಅಂತ ಸ್ಪಷ್ಟವಾಗಿ ಹೇಳಬೇಕು, ಯಾವ ಎಣ್ಣೆ ಅನ್ನುವುದಕ್ಕೆ ಡಬ್ಬಿಯ ಫೋಟೋ ತೋರಿಸಬೇಕು.