ಕಾಡುಶೇಂಗಾದ ಪರಾಗವೂ ಧಾರವಾಡದ ತಳಿಯೂ

ಧಾರವಾಡ, ಹುಬ್ಬಳ್ಳಿ ಸೀಮೆಯ ಮುಂಗಾರಿ ಶೇಂಗಾ ಬೆಳೆಯು ರೈತನ ಮನೆಗೆ ಎಣ್ಣೆಕಾಳನ್ನೂ ಅವನ ದನಗಳಿಗೆ ಹೊಟ್ಟನ್ನೂ ಒದಗಿಸುವದು. ಆದರೆ ಹವೆಯಲ್ಲಿ ತೇವ ಹೆಚ್ಚಿದಾಗ ತುಕ್ಕುರೋಗವೂ ಎಲೆಚುಕ್ಕೆ ರೋಗವೂ ಬಿದ್ದರೆ ಎಲೆಗಳು ಅಕಾಲದಲ್ಲಿ ಒಣಗಿ ಉದುರುವವು. ಕಾಳು ಜೊಳ್ಳಾಗುವದು, ಹೊಟ್ಟೂ ಕೈಗೆ ಹತ್ತದು.

ಶೇಂಗಾದ ತವರು ದಕ್ಷಿಣ ಅಮೆರಿಕ ಖಂಡ. ಅಲ್ಲಿಯ ಬೊಲಿವಿಯಾ ದೇಶದಲ್ಲಿ 1959ರಲ್ಲಿ ಗ್ರೆಗರಿ, ಕ್ರಾಪೊವಿಕಾಸ್ ಮೊದಲಾದ ಸಸ್ಯಶಾಸ್ತ್ರಜ್ಞರು ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಶೇಂಗಾದ ಬೀಜವನ್ನು ಸಂಗ್ರಹಿಸಿದರು. ಈ ಎರಡೂ ರೋಗಗಳನ್ನು ತಡೆಯುವ ಗುಣ ಅದರಲ್ಲಿ ಇತ್ತು. ಆ ಗುಣವನ್ನು ಹೊಲದ ಶೇಂಗಾಕ್ಕೆ ತರುವ ಮಾರ್ಗದಲ್ಲಿ ಅಡ್ಡ ನಿಂತದ್ದು ಪರಾಗದ ಬಂಜೆತನ.

ಪರಾಗದ ಸತ್ವವನ್ನು ಪರೀಕ್ಷಿಸುವ ರೀತಿಯು ಸರಳವಾದದ್ದು. ಹೂವಿನ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅಸಿಟೋಕಾರ್ಮಿನ್ ಎಂಬ ಕೆಂಬಣ್ಣದ ದ್ರವವನ್ನು ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸತ್ವವುಳ್ಳ ಕಣಗಳು ದುಂಡಗೆ ಉಬ್ಬಿ ಕೆಂಪೇರುವವು; ಬಂಜೆಕಣಗಳು ಮುದುಡಿ ಬಿಳಿಚಿಕೊಂಡಿರುವವು. ನೂರಕ್ಕೆ ಕೆಂಪಾದವು ಎಷ್ಟೆಂದು ಎಣಿಸಿದರೆ ಗಿಡದ ಫಲಶಕ್ತಿಯ ಅಂದಾಜು ದೊರೆಯುವದು.

ಕಾಡುಶೇಂಗಾ ತನ್ನಷ್ಟಕ್ಕೆ ಫಲವತ್ತಾದದ್ದೇ. ಆದರೆ ಅದರಲ್ಲಿ 20 ವರ್ಣತಂತುಗಳಿದ್ದರೆ ಹೊಲದ ಶೇಂಗಾದಲ್ಲಿ 40 ಇರುವವು. ಎರಡನ್ನೂ ಕೂಡಿಸಿದ ಸಂಕರಗಿಡಕ್ಕೆ ಬರುವವು 30. ಪರಾಗ ಹುಟ್ಟುವ ಕಾಲಕ್ಕೆ ಅವೆಲ್ಲ ಜೋಡಿಯಾಗಲಾರದೆ ಅಡ್ಡಾದಿಡ್ಡಿಯಾಗಿ ಹಂಚಿಹೋಗುವದರಿಂದ ಗಿಡವು ಹೂ ಬಿಟ್ಟರೂ ಕಾಯಿ ಕಟ್ಟದು. ಇದಕ್ಕೆ ಕಾಲ್ಚಿಸಿನ್ ಎಂಬ ವಸ್ತುವು ಪರಿಹಾರವಾಯಿತು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಅದು ಉಂಟು. 1960ರ ದಶಕದಲ್ಲಿ ಅಮೆರಿಕೆಯ ಉತ್ತರ ಕೆರೊಲಿನಾದಲ್ಲಿ ಸಂಕರಗಿಡಕ್ಕೆ ಅದನ್ನು ಉಪಯೋಗಿಸಲು ವರ್ಣತಂತುಗಳು ಇಮ್ಮಡಿಸಿ 60 ಆದವು, ಪರಾಗಕ್ಕೆ ಸತ್ವ ಬಂದಿತು. ಮುಂದಿನ ಪೀಳಿಗೆಗಳಲ್ಲಿ ಹೆಚ್ಚಿನವು ಕಳೆದು 40ಕ್ಕೆ ನಿಂತರೂ ರೋಗನಿರೋಧವು ಉಳಿಯಿತು.

ಈ ವಂಶದಿಂದ ಬಂದ ಒಂದು ಸಾಲನ್ನು ಕೆ.ಆರ್.ಜಿ. 1 ತಳಿಯೊಡನೆ ಕೂಡಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಜಿ.ಪಿ.ಬಿ.ಡಿ. 4 ಎಂಬ ಗೊಂಚಲುತಳಿಯನ್ನು ಸಿದ್ಧಪಡಿಸಿತು. ತುಕ್ಕು, ಎಲೆಚುಕ್ಕೆ ಎರಡನ್ನೂ ಅದು ತಡೆಯುವದು. ಸುಗ್ಗಿಯವರೆಗೆ ಎಲೆ ಹಸಿರಾಗಿರುವದರಿಂದ ಒಳ್ಳೆಯ ಹೊಟ್ಟೂ ದೊರೆಯುವದು. ಶೇಂಗಾದ ಹೂವು ಬಹುಮಟ್ಟಿಗೆ ಸ್ವಪರಾಗದಿಂದಲೇ ಫಲಿಸುವದು. ಆದುದರಿಂದ ಬೆರಕೆ ಗಿಡಗಳನ್ನು ಕಿತ್ತು, ನಿರೋಗಿಯಾದ ಗಿಡಗಳ ಬಲಿತ ಕಾಯಿಗಳನ್ನೇ ಆರಿಸಿ ಒಣಗಿಸಿಟ್ಟರೆ ರೈತನು ಮನೆಯ ಬೀಜವನ್ನೇ ಬಿತ್ತಬಹುದು.

ದೂರದೇಶದ ಒಂದು ಕಾಡುಗಿಡವು ಉಳಿದಿದ್ದುದರಿಂದ ಇಷ್ಟೆಲ್ಲ ಸಾಧ್ಯವಾಯಿತು. ನಮ್ಮ ಬದು, ಗುಡ್ಡಗಳಲ್ಲಿಯೂ ತೊಗರಿ, ಬೆಂಡೆಗಳ ಕಾಡುಬಂಧುಗಳು ಬೆಳೆಯುವವು. ಅವುಗಳನ್ನು ಕಳೆಯೆಂದು ಬೇರುಸಹಿತ ಕಿತ್ತೊಗೆಯುವ ಮುನ್ನ ರೈತಬಾಂಧವರು ಇದನ್ನು ನೆನೆಯುವದು ಒಳ್ಳೆಯದು.