ಮನೆಗೆ ಬಂದವರ ಮೌನ

ವಿಮಾನ ಸಂಚಾರ ನಿಯಂತ್ರಕರ ಕೆಲಸದ ಬಿಗಿ ಹೊರಗಿನವರಿಗೆ ಸುಲಭವಾಗಿ ಅಂದಾಜಾಗುವುದಿಲ್ಲ. ಮೋಡ ಕವಿದ ದಿನ ಒಂದರ ಹಿಂದೊಂದು ವಿಮಾನ ಇಳಿಯಲು ಕಾಯುತ್ತಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಅಂತರ ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಲೇ ಇರಬೇಕು. ಅಮೆರಿಕದ ಮನೋವಿಜ್ಞಾನಿ ರೆನಾ ರೆಪೆಟ್ಟಿ ಈ ನೌಕರರನ್ನೂ ಅವರ ಹೆಂಡತಿಯರನ್ನೂ ಅಧ್ಯಯನ ಮಾಡಿ 1989ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ‘ಇವತ್ತು ಕೆಲಸ ಜಾಸ್ತಿ ಇತ್ತು’ ಎಂಬ ಬಾಯಿಮಾತನ್ನಷ್ಟೇ ಅವರು ನೆಚ್ಚಿಕೊಳ್ಳಲಿಲ್ಲ. ಆ ದಿನ ವಿಮಾನ ಸಂಚಾರ ಎಷ್ಟಿತ್ತು, ಆಕಾಶ ಎಷ್ಟು ನಿಚ್ಚಳವಾಗಿತ್ತು ಎಂಬ ದಾಖಲೆಗಳನ್ನೂ ತರಿಸಿಕೊಂಡು, ಸಂಜೆ ಮನೆಯಲ್ಲಿ ನಡೆದದ್ದರ ಜೊತೆ ಇಟ್ಟು ನೋಡಿದರು.

ಒತ್ತಡದ ದಿನಗಳಲ್ಲಿ ಗಂಡಂದಿರು ಮಾತು ಕಡಿಮೆ ಮಾಡಿ ತಮ್ಮಷ್ಟಕ್ಕೆ ತಾವು ಇದ್ದುಬಿಡುತ್ತಿದ್ದರು. ಹೆಂಡತಿಯ ಆಸರೆ ಸಿಕ್ಕ ಮನೆಗಳಲ್ಲಿ ಹೀಗೆ ಸುಮ್ಮನಿರುವುದು ಹೆಚ್ಚು, ಸಿಡುಕು ಕಡಿಮೆ. ಎಂದರೆ ಆ ಮೌನ ಚೇತರಿಸಿಕೊಳ್ಳುವ ಒಂದು ದಾರಿಯೂ ಆಗಿರಬಹುದು. ಒತ್ತಡದ ಹೊತ್ತಿನಲ್ಲಿ ಮೈಯಲ್ಲಿ ಏರಿದ ಅಡ್ರಿನಲಿನ್, ಕಾರ್ಟಿಸಾಲ್‌ಗಳಿಗೆ ಪಾಳಿ ಮುಗಿದದ್ದು ಗೊತ್ತಾಗುವುದಿಲ್ಲ; ಅವು ಇಳಿಯಲು ತಮ್ಮದೇ ಸಮಯ ತೆಗೆದುಕೊಳ್ಳುತ್ತವೆ.

ತೊಂದರೆ ಶುರುವಾಗುವುದು ಆ ಮೌನವನ್ನು ಇನ್ನೊಬ್ಬರು ಅರ್ಥ ಮಾಡಿಕೊಳ್ಳುವ ರೀತಿಯಿಂದ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದ ನರ್ಸ್ ಒಬ್ಬಳನ್ನು ಊಹಿಸಿಕೊಳ್ಳಿ. ಅಡುಗೆಮನೆಯಿಂದ ಅತ್ತೆ, “ಕಾಫಿ ಕುಡೀತೀಯೇನಮ್ಮಾ?” ಅನ್ನುತ್ತಾರೆ. ಸೊಸೆ ಉತ್ತರ ಕೊಡದೆ ಕೋಣೆಗೆ ಹೋಗಿ ಮಲಗುತ್ತಾಳೆ. “ನೋಡು, ಎಷ್ಟು ಜಂಬ!” ಎಂದುಕೊಳ್ಳಲು ಅತ್ತೆಗೆ ಒಂದು ಗಳಿಗೆ ಸಾಕು. ರಾತ್ರಿಯೆಲ್ಲ ವಾರ್ಡಿನಲ್ಲಿ ಏನು ನಡೆಯಿತೋ ಅವರಿಗೆ ಕಾಣದು. ಕಂಡದ್ದು ಸೊಸೆ, ಅವಳ ಬೆನ್ನು.

ಇದು ಅತ್ತೆಯರಿಗಷ್ಟೇ ಅಂಟಿದ ದೋಷವಲ್ಲ, ಮನುಷ್ಯರ ಮಿದುಳಿಗೇ ಅಂಟಿದ್ದು. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಒಂದು ಪ್ರಯೋಗ ಪ್ರಕಟಿಸಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಪರ ಅಥವಾ ವಿರೋಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಿಸಲಾಯಿತು. ‘ಯಾವ ಪಕ್ಷ ವಹಿಸಬೇಕೆಂದು ಬರೆದವರಿಗೆ ಮೊದಲೇ ಹೇಳಲಾಗಿತ್ತು, ಆಯ್ಕೆ ಅವರದಲ್ಲ’ ಎಂದು ತಿಳಿಸಿದ ಮೇಲೂ, ಪರವಾಗಿ ಬರೆದವರು ಒಳಗೊಳಗೆ ಕ್ಯಾಸ್ಟ್ರೊ ಅಭಿಮಾನಿಗಳೇ ಇರಬೇಕೆಂದು ಓದುಗರು ಎಣಿಸಿದರು. ಬೇರೆಯವರ ನಡತೆಗೆ ಸಂದರ್ಭವನ್ನು ಬಿಟ್ಟು ಅವರ ಗುಣವನ್ನೇ ಕಾರಣವಾಗಿ ಹಿಡಿಯುವ ಈ ಚಾಳಿಯನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣಾ ದೋಷ’ ಎಂದು ಕರೆದರು. ಥಾಮಸ್ ಬ್ರಾಡ್ಬರಿ ಮತ್ತು ಫ್ರಾಂಕ್ ಫಿಂಚಮ್ ದಾಂಪತ್ಯಗಳಲ್ಲೂ ಇಂಥದ್ದನ್ನೇ ಕಂಡರು. ಮನಸ್ಸು ಮುರಿದ ಜೋಡಿಗಳಲ್ಲಿ ಸಂಗಾತಿಯ ತಪ್ಪಿಗೆ ‘ಅವರ ಬುದ್ಧಿಯೇ ಅಷ್ಟು’ ಎಂಬ ವಿವರಣೆ ಹೆಚ್ಚು.

ಇಷ್ಟು ತಿಳಿದ ಮಾತ್ರಕ್ಕೆ ಚಾಳಿ ಬಿಟ್ಟುಹೋಗುವುದಿಲ್ಲ, ರೂಢಿ ಬೇಕು. ಅದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಷಿಕಾಗೊ ಸುತ್ತಮುತ್ತಲ 120 ದಂಪತಿಗಳದ್ದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಲೈ ಫಿಂಕೆಲ್ ಮತ್ತು ಸಂಗಡಿಗರು ಅವರನ್ನು ಎರಡು ವರ್ಷ ಗಮನಿಸಿದರು. ನಾಲ್ಕು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಸಂಬಂಧ ಹೇಗಿದೆ, ಈಚೆಗೆ ನಡೆದ ದೊಡ್ಡ ಜಗಳ ಯಾವುದು ಎಂದು ಬರೆದುಕೊಡಬೇಕು. ಮೊದಲ ವರ್ಷ ಎಲ್ಲರಲ್ಲೂ ತೃಪ್ತಿ ಸ್ವಲ್ಪ ಸ್ವಲ್ಪ ಇಳಿಯಿತು. ಎರಡನೆಯ ವರ್ಷ ಅರ್ಧದಷ್ಟು ಜೋಡಿಗಳಿಗೆ ಏಳು ನಿಮಿಷದ ಬರವಣಿಗೆಯನ್ನು ಮೂರು ಸಲ ಕೊಟ್ಟರು. ಇಬ್ಬರ ಒಳಿತನ್ನೂ ಬಯಸುವ ಮೂರನೆಯವರೊಬ್ಬರು ನಿಮ್ಮ ಜಗಳವನ್ನು ನೋಡಿದ್ದರೆ ಏನೆನ್ನುತ್ತಿದ್ದರು? ಹಾಗೆ ನೋಡಲು ನಿಮಗೆ ಅಡ್ಡಿ ಯಾವುದು? ಮುಂದಿನ ಜಗಳದಲ್ಲಿ ಆ ಅಡ್ಡಿಯನ್ನು ದಾಟುವುದು ಹೇಗೆ?

ವರ್ಷಕ್ಕೆ ಒಟ್ಟು ಇಪ್ಪತ್ತೊಂದು ನಿಮಿಷ. ಬರೆಯದ ಜೋಡಿಗಳಲ್ಲಿ ತೃಪ್ತಿ ಇಳಿಯುತ್ತಲೇ ಹೋಯಿತು, ಬರೆದವರಲ್ಲಿ ಆ ಇಳಿತ ನಿಂತಿತು. 2013ರಲ್ಲಿ ಬಂದ ಈ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ: ಬರೆದವರು ಜಗಳ ಬಿಡಲಿಲ್ಲ. ಮೊದಲಿನಷ್ಟೇ, ಅಷ್ಟೇ ಜೋರಾಗಿ ಆಡಿದರು. ಆದರೆ ಆ ಜಗಳದ ಸಂಕಟ ಅವರನ್ನು ಮೊದಲಿನಂತೆ ಹಿಂಡಲಿಲ್ಲ. ಆತ್ಮವಿಶ್ವಾಸ ಉಕ್ಕಿಸುತ್ತೇವೆ, ಬದುಕನ್ನೇ ಬದಲಿಸುತ್ತೇವೆ ಎನ್ನುವ ವ್ಯಕ್ತಿತ್ವ ವಿಕಸನ ಶಿಬಿರಗಳಿಗಿಂತ, ಹೀಗೆ ಪರೀಕ್ಷೆಗೆ ಒಡ್ಡಿಕೊಂಡ ಪುಟ್ಟ ಅಭ್ಯಾಸದ ಮೇಲೆ ನನಗೆ ನಂಬಿಕೆ ಹೆಚ್ಚು.

ಕಚೇರಿಯಲ್ಲೂ ಕಥೆ ಬೇರೆಯಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲೇ ತಪ್ಪು ಹೆಚ್ಚೆಂಬ ಲೆಕ್ಕ ಬಂತು. ಕೆದಕಿ ನೋಡಿದರೆ, ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ಉಳಿದೆಡೆ ‘ನೀನೇ ಬೇಜವಾಬ್ದಾರಿ’ ಎಂಬ ಮಾತಿಗೆ ಅಂಜಿ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ‘ಯಾರು ಮಾಡಿದ್ದು?’ ಎಂದು ಕೇಳುವ ಮೇಲಧಿಕಾರಿಗೆ ಸಿಗುವುದು ಒಂದು ಹೆಸರು. ‘ಹೇಗಾಯ್ತು?’ ಎಂದು ಕೇಳಿದವರಿಗಾದರೆ, ಒಂದೇ ಬಗೆಯ ಎರಡು ಬಾಟಲಿಗಳು ಒಂದೇ ಕಪಾಟಿನಲ್ಲಿವೆ ಎಂಬ ಸಂಗತಿ ತಿಳಿದೀತು.

ಮನಸ್ಸನ್ನು ಕುರಿತ ಇಂಥ ಓದಿಗೆ ಕನ್ನಡದಲ್ಲಿ ಬರವಿಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗಾಗಿಯೇ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ ಎಂಬ ಮಾತನ್ನು, ದಿನವೂ ಹೊಡೆತ ತಿನ್ನುವ ಹೆಂಗಸಿಗೆ ಹೇಳಕೂಡದು. ಆಫೀಸಿನ ಒತ್ತಡ ಹೊಡೆತಕ್ಕೆ ನೆಪವಾಗಬಾರದು. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಮೂಲೆ ಹಿಡಿದವರ ಮೌನವೂ ದಿನದ ದಣಿವಿನ ಮೌನವಲ್ಲ. ಅಂಥವರು ವೈದ್ಯರನ್ನು ಕಾಣಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ವಿಚಾರಿಸಬಹುದು.