ಫೋರ್ಕ್ ಆಯಿಲ್ ಖರೀದಿ: ಡಬ್ಬದ ಮೇಲಿನ ಅಂಕಿ ಮತ್ತು ನಿಜವಾದ ಅಳತೆ

ದ್ವಿಚಕ್ರ ವಾಹನಗಳ ಬಿಡಿಭಾಗ ವ್ಯಾಪಾರದಲ್ಲಿ ಫೋರ್ಕ್ ಆಯಿಲ್ ಮೌಲ್ಯದ ದೃಷ್ಟಿಯಿಂದ ಸಣ್ಣ ಸರಕು. ಆದರೆ ಗ್ರಾಹಕರ ದೂರು, ಸರಕಿನ ವಾಪಸಾತಿ ಹಾಗೂ ಮಾರಾಟವಾಗದೆ ಉಳಿಯುವ ದಾಸ್ತಾನಿನ ವಿಚಾರದಲ್ಲಿ ಅದು ಸಣ್ಣದಲ್ಲ. ಇದಕ್ಕೆ ಮುಖ್ಯ ಕಾರಣ ತೈಲದ ಸ್ನಿಗ್ಧತೆ, ಅಂದರೆ ಅದರ ದಪ್ಪ, ಕುರಿತ ತಪ್ಪು ತಿಳಿವಳಿಕೆ.

ತೈಲದ ಕೆಲಸವೇನು?

ಮುಂಭಾಗದ ಫೋರ್ಕಿನಲ್ಲಿ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗಿನ ಏರಿಳಿತದ ವೇಗವನ್ನು ಹತೋಟಿಯಲ್ಲಿಡುವುದು ಸಣ್ಣ ರಂಧ್ರಗಳ ಮೂಲಕ ಹರಿಯುವ ತೈಲ. ತೈಲ ತೀರ ತೆಳುವಾದರೆ ಬ್ರೇಕ್ ಹಾಕಿದೊಡನೆ ವಾಹನದ ಮುಂಭಾಗ ರಭಸದಿಂದ ತಗ್ಗುತ್ತದೆ. ಉಬ್ಬು ದಾಟಿದ ಮೇಲೂ ಕುಪ್ಪಳಿಸುತ್ತದೆ. ತೀರ ದಪ್ಪವಾದರೆ ಸಣ್ಣ ಗುಂಡಿಯ ಹೊಡೆತವೂ ನೇರವಾಗಿ ಕೈಗೆ ಬಡಿಯುತ್ತದೆ. ಸಾಲು ಗುಂಡಿಗಳಲ್ಲಿ ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಎರಡೂ ಸವಾರನ ಸುರಕ್ಷತೆಗೆ ಸಂಬಂಧಿಸಿದ ವಿಷಯಗಳೇ.

ಅಂಕಿಗಳ ಗೊಂದಲ

ಡಬ್ಬದ ಮೇಲಿನ 5ಡಬ್ಲ್ಯು, 10ಡಬ್ಲ್ಯು ಮೊದಲಾದ ಗುರುತುಗಳು ಎಂಜಿನ್ ತೈಲದ ಶ್ರೇಣಿಯಿಂದ ಎರವಲು ಪಡೆದವು. ಫೋರ್ಕ್ ಆಯಿಲ್ ವಿಷಯದಲ್ಲಿ ಎಲ್ಲ ತಯಾರಕರೂ ಒಂದೇ ಅಳತೆಯನ್ನು ಪಾಲಿಸುವುದಿಲ್ಲ. 10ಡಬ್ಲ್ಯು ಎಂದಿರುವ ಒಂದು ತೈಲ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಸೆಂಟಿಸ್ಟೋಕ್ ಇದ್ದರೆ, ಅದೇ ಗುರುತಿನ ಇನ್ನೊಂದು 40ನ್ನೂ ಮೀರಿರಬಹುದು. ಆದ್ದರಿಂದ ಹೋಲಿಸಬೇಕಾದುದು ತಾಂತ್ರಿಕ ವಿವರ ಪತ್ರದಲ್ಲಿನ ಸೆಂಟಿಸ್ಟೋಕ್ ಅಂಕಿಯನ್ನು. ಐಎಸ್ಒ ವಿಜಿ ಗುರುತು ಇದ್ದರೆ ಕೆಲಸ ಸುಲಭ: ವಿಜಿ 32 ಎಂದರೆ 40 ಡಿಗ್ರಿಯಲ್ಲಿ 32 ಸೆಂಟಿಸ್ಟೋಕ್, ಶೇ. 10ರಷ್ಟು ಹೆಚ್ಚು ಕಡಿಮೆಗೆ ಅವಕಾಶವಿದೆ.

ಫೋರ್ಕಿಗೆ 20ಡಬ್ಲ್ಯು-40 ಎಂಜಿನ್ ಆಯಿಲನ್ನೇ ಸುರಿಯುವ ರೂಢಿ ಕೆಲವು ವರ್ಕ್‌ಶಾಪುಗಳಲ್ಲಿದೆ. ಅದರಲ್ಲಿನ 40 ಎಂಬ ಅಂಕಿ 100 ಡಿಗ್ರಿ ತಾಪಮಾನದ ಅಳತೆಗೆ ಸಂಬಂಧಿಸಿದ್ದು. 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಸಾಮಾನ್ಯವಾಗಿ 100 ಸೆಂಟಿಸ್ಟೋಕನ್ನು ಮೀರುತ್ತದೆ. ಫೋರ್ಕ್ ಎಂಜಿನ್ನಿನಷ್ಟು ಕಾಯುವುದಿಲ್ಲವಾದ್ದರಿಂದ ಈ ದಪ್ಪ ಹಾಗೆಯೇ ಉಳಿಯುತ್ತದೆ.

ಮಿಶ್ರಣವೂ ಹೊಣೆಗಾರಿಕೆಯೂ

ಎರಡು ತೈಲಗಳನ್ನು ಬೆರೆಸಿದರೆ ಸರಾಸರಿ ಸ್ನಿಗ್ಧತೆ ದೊರೆಯುತ್ತದೆಂಬ ಭಾವನೆ ಸರಿಯಲ್ಲ. 15 ಮತ್ತು 100 ಸೆಂಟಿಸ್ಟೋಕಿನ ತೈಲಗಳನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಫಲಿತಾಂಶ 57.5 ಅಲ್ಲ, 35ರ ಆಸುಪಾಸು. ಇನ್ನೊಂದು ಮುಖ್ಯ ಅಂಶವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮಿನ ಪ್ರಕಾರ, ಮಾರಾಟಗಾರನು ಸರಕನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದಲ್ಲಿ, ಹೊಣೆ ಅವನದೇ ಆಗುತ್ತದೆ. ತಯಾರಕರ ಸೂಚನೆಯನ್ನು ಗ್ರಾಹಕನಿಗೆ ತಲುಪಿಸದಿರುವುದೂ ಇದೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಬೆರೆಸಿ ಬಿಡಿಯಾಗಿ ಮಾರುವವರು ಇದನ್ನು ಮರೆಯಬಾರದು.

ದಾಸ್ತಾನಿನ ಶಿಸ್ತು

ಸದಸ್ಯ ಬಾಂಧವರು ದಾಸ್ತಾನು ಪುಸ್ತಕದಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆಗೆ ಸೆಂಟಿಸ್ಟೋಕ್‌ಗೂ ಒಂದು ಅಂಕಣ ಇಡುವುದು ಲೇಸು. ಒಂದೇ ದಪ್ಪದ ಮೂರು ಬ್ರ್ಯಾಂಡುಗಳಲ್ಲಿ ಹಣ ಸಿಲುಕಿರುವುದು ಆಗ ತಾನಾಗಿ ಕಾಣುತ್ತದೆ. ಲೆಕ್ಕಪತ್ರ ಮಾನಕ (ಎಎಸ್) 2ರಂತೆ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕ ಹಿಡಿಯಬೇಕು. ವರ್ಷಗಟ್ಟಲೆ ಕದಲದ ಡಬ್ಬಗಳು ಲಾಭವನ್ನೇ ತಿನ್ನುತ್ತವೆ. ಸಣ್ಣ ಪ್ರಮಾಣದ ತೈಲ ತಯಾರಕರು ಪ್ರತಿ ಬ್ಯಾಚಿನ ಪರೀಕ್ಷಾ ವರದಿ ಕಾಯ್ದಿಟ್ಟು, 40 ಡಿಗ್ರಿಯ ಅಂಕಿಯನ್ನು ಡಬ್ಬದ ಮೇಲೆಯೇ ಮುದ್ರಿಸಿದರೆ ಖರೀದಿದಾರರ ವಿಶ್ವಾಸ ಹೆಚ್ಚುತ್ತದೆ.

ಕೊನೆಯದಾಗಿ, ವಾಹನದ ಕೈಪಿಡಿ ಸೂಚಿಸಿದ ತೈಲವೇ ಆರಂಭದ ಆಧಾರ. ಬದಲಿ ಕೊಡುವಾಗ ಅದರ ಸೆಂಟಿಸ್ಟೋಕಿಗೆ ಹತ್ತಿರವಾದುದನ್ನೇ ಆರಿಸಬೇಕು. ತೈಲದ ಪ್ರಮಾಣವೂ ಕೈಪಿಡಿಯಂತೆಯೇ ಇರಬೇಕು. ಹೆಚ್ಚು ತುಂಬಿದರೆ ಒಳಗಿನ ಗಾಳಿಯ ಜಾಗ ಕುಗ್ಗಿ ಫೋರ್ಕ್ ಗಡುಸಾಗುತ್ತದೆ, ದೋಷ ಮಾತ್ರ ತೈಲದ ಮೇಲೆ, ಅದನ್ನು ಮಾರಿದ ಅಂಗಡಿಯ ಮೇಲೆ ಬರುತ್ತದೆ.